ಸೇವಂತಿಯ ಎಡಗೈ, ಹನ್ನೆರಡು ಬಟನ್ನಿನ ಮೌಸ್

ಕಡಬದ ರಿಕ್ಷಾ ಸ್ಟ್ಯಾಂಡಿನಲ್ಲಿ ಕುಕ್ಕಪ್ಪನಷ್ಟು ಕಡಿಮೆ ಮಾತಿನ ಡ್ರೈವರ್ ಇನ್ನೊಬ್ಬನಿಲ್ಲ. ಹಿಂದೆ ಕೂತವರು ಊರ ಕತೆಯೆಲ್ಲ ಹೇಳಿ ಇಳಿಯುವಷ್ಟರಲ್ಲಿ ಇವನ ಬಾಯಿಂದ ಒಂದು ‘ಹೌದಾ’ ಬಂದಿದ್ದರೆ ಅದೇ ದೊಡ್ಡದು. ಅಂಥವನು ಒಂದು ಶನಿವಾರ, ಪುತ್ತೂರಿಗೆ ಆಸ್ಪತ್ರೆ ಬಾಡಿಗೆ ಮುಗಿಸಿ ಸಂಜೆ ಮನೆಗೆ ಬಂದವನು, ಚಾವಡಿಯ ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಇಟ್ಟು, ಹೆಂಡತಿ ಕೇಳುವ ಮೊದಲೇ ತಾನಾಗಿ ಬಾಯಿಬಿಟ್ಟ.

“ಮೌಸ್. ಕಂಪ್ಯೂಟರಿದ್ದು.”

ಸೇವಂತಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಮೇಲೆ ಹಲ್ಲು ಕಿರಿದುಕೊಂಡ ಯಾವುದೋ ಪ್ರಾಣಿಯ ಚಿತ್ರ. ಮುಚ್ಚಳ ಎಳೆಯಲು ಹೋದಾಗ ಪೆಟ್ಟಿಗೆಯೂ ಜೊತೆಗೇ ಬಂತು. ಕುಕ್ಕಪ್ಪ ಆ ಕಡೆಯಿಂದ ಹಿಡಿದುಕೊಂಡ. ಹೋದ ಎರಡು ಮಳೆಗಾಲದಿಂದ ಈ ಮನೆಯಲ್ಲಿ ಡಬ್ಬ, ಭರಣಿ, ಕುಪ್ಪಿ ಎಲ್ಲ ತೆರೆಯುವುದು ಹೀಗೆಯೇ, ಅವಳ ಬಲಗೈ ಮತ್ತು ಅವನ ಎಡಗೈ ಸೇರಿ.

ಒಳಗಿದ್ದದ್ದು ಮೌಸೇ ಹೌದು. ಆದರೆ ಹೆಬ್ಬೆರಳು ಕೂರುವ ಬದಿಯಲ್ಲಿ ಸಾಲಾಗಿ ಹನ್ನೆರಡು ಪುಟ್ಟ ಬಟನ್ನುಗಳು, ಹಳೆಯ ಮೊಬೈಲಿನ ಹಾಗೆ ಅಂಕೆ ಹೊತ್ತುಕೊಂಡು. ವಯರ್ ಇಲ್ಲ. ಕೆಳಗಿನ ಸ್ವಿಚ್ ಒತ್ತಿದ್ದೇ ತಡ, ಹಸಿರು, ನೇರಳೆ, ಕೆಂಪು ಅಂತ ಮೈಯೆಲ್ಲ ಹೊತ್ತಿ ಹೊತ್ತಿ ಆರಿತು.

“ಇದೆಂತದು, ಮೌಸಾ, ಮದುವೆ ಮನೆಯ ಸೀರಿಯಲ್ ಸೆಟ್ಟಾ?” ಅಂದಳು ಸೇವಂತಿ.

“ಗೇಮ್ ಆಡುವವರದ್ದಂತೆ. ಕಬಕದ ಅಲಿ ಕುಂಞಿಯ ಅಂಗಡಿಯದ್ದು. ಎರಡು ಕೈಯ ಕೆಲಸ ಒಂದೇ ಕೈಯಲ್ಲಿ ಆಗುವಂಥದ್ದು ಎಂತಾದ್ರೂ ಉಂಟಾ ಕೇಳಿದೆ. ಅವ ಸ್ವಲ್ಪ ಆಲೋಚನೆ ಮಾಡಿ ಇದನ್ನು ಕೊಟ್ಟ. ಒಂದೊಂದು ಬಟನ್ನಿಗೆ ನಮಗೆ ಬೇಕಾದ ಕೆಲಸ ಹೇಳಿಕೊಡ್ಲಿಕ್ಕೆ ಆಗ್ತದಂತೆ.” ಕುಕ್ಕಪ್ಪನ ಮಟ್ಟಿಗೆ ಇದು ಭಾಷಣ. ಅಷ್ಟಕ್ಕೇ ನಿಲ್ಲಲಿಲ್ಲ. “ಉಪಯೋಗ ಮಾಡಿ ನೋಡು. ಆಗುದಿಲ್ಲ ಅಂತಾದ್ರೆ ಬರುವ ಶನಿವಾರ ವಾಪಸ್ ತಕೊಳ್ತಾನೆ. ಪೆಟ್ಟಿಗೆ ಮಾತ್ರ ಹಾಳಾಗ್ಬಾರ್ದು.”

ಸೇವಂತಿ ಮೌಸನ್ನು ಕೆಳಗಿಟ್ಟಳು. ಅವಳ ಮುಖದಲ್ಲಿದ್ದ ಕೀಟಲೆಯೆಲ್ಲ ಇಳಿದು ಹೋಗಿತ್ತು.

“ಅಂದ್ರೆ ಈ ಕೈ ಇನ್ನು ಬರುದಿಲ್ಲ ಅಂತ ನಿಮಗೂ ಆಯ್ತು.”

ಕುಕ್ಕಪ್ಪ ಅವಳನ್ನು ನೋಡಿದ, ಮೇಜನ್ನು ನೋಡಿದ, ತನ್ನ ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ ಬಚ್ಚಲಿಗೆ ಹೋದ. ಅವನ ಆ ದಿನದ ಮಾತು ಮುಗಿದಿತ್ತು. ನನಗೆ ಅವನ ಮೇಲೆ ಸಿಟ್ಟು ಬರುವುದು ಇಂಥಲ್ಲಿಯೇ. ಒಂದು ಮಾತು ಹೇಳಿದ್ದರೆ ಒಂದು ವಾರದ ಸಂಕಟ ತಪ್ಪುತ್ತಿತ್ತು.

ಸೇವಂತಿ ಕಡಬ ಪೇಟೆಯಲ್ಲಿ ಗೌರೀಶಂಕರ ಭಟ್ಟರ ಪ್ರೆಸ್ಸಿನವಳು. ಸುಳ್ಯದ ಕಡೆಯ ಗೌಡರ ಮನೆಯಲ್ಲಿ ಹುಟ್ಟಿ, ಹತ್ತನೇ ಕ್ಲಾಸು ಮುಗಿಸಿದ ಕೂಡಲೇ ಪುತ್ತೂರಿನ ಒಂದು ಹಳೆಯ ಪ್ರೆಸ್ಸಿಗೆ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದಳು. ಸೀಸದ ಅಕ್ಷರಗಳ ಕಾಲ ಅದು, ಅಂದರೆ ಅದರ ಕೊನೆಗಾಲ. ಎಡಗೈಯಲ್ಲಿ ಸ್ಟಿಕ್ ಎನ್ನುವ ಕಬ್ಬಿಣದ ಪುಟ್ಟ ತಟ್ಟೆ, ಬಲಗೈಯಿಂದ ಗೂಡುಗಳೊಳಗಿನ ಮೊಳೆ ಹೆಕ್ಕಿ ಹೆಕ್ಕಿ ಅದರಲ್ಲಿ ನಿಲ್ಲಿಸುವುದು. ನೋಡುವವರಿಗೆ ಓಡಾಡುವ ಬಲಗೈಯೇ ಕಾಣುತ್ತದೆ. ಸಾಲು ಬೀಳದ ಹಾಗೆ ಕಡೆಯ ಮೊಳೆಯನ್ನು ಒತ್ತಿ ಹಿಡಿದಿರುವುದು ಎಡಗೈಯ ಹೆಬ್ಬೆರಳು. ಆ ಹೆಬ್ಬೆರಳು ಸ್ವಲ್ಪ ಸಡಿಲಾದರೆ ಒಂದು ಗಂಟೆಯ ದುಡಿಮೆ ನೆಲದ ಮೇಲೆ ಚೆಲ್ಲುತ್ತದೆ. ಸೇವಂತಿಯ ಕೈಯಿಂದ ಹಾಗೆ ಚೆಲ್ಲಿದ್ದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಮದುವೆಯಾಗಿ ಕಡಬಕ್ಕೆ ಬಂದವಳನ್ನು ಭಟ್ಟರು ಕರೆದು ಕೂರಿಸಿದರು. ಸುತ್ತಿನ ಊರುಗಳ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸತ್ತವರ ಉತ್ತರಕ್ರಿಯೆಗೆ ಕರೆಯುವ ಬೊಜ್ಜದ ಕಾಗದ ಎಲ್ಲ ಅವಳ ಕೈಯಿಂದ ಹೊರಡುತ್ತಿದ್ದವು. ಯಾವ ಮನೆಯವರು ಮನೆತನದ ಹೆಸರು ಮೊದಲು ಹಾಕುತ್ತಾರೆ, ಯಾವ ಮನೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದರೆ ಊಟಕ್ಕೆ ಎಲೆ ಹಾಕುವುದರೊಳಗೆ ಜಗಳವಾಗುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಇಲ್ಲಿಯೂ ಬಲಗೈ ಮೌಸಿನ ಮೇಲೆ, ಎಡಗೈ ಕೀಬೋರ್ಡಿನ ಮೂಲೆಯಲ್ಲಿ. ಕಾಪಿ, ಪೇಸ್ಟ್, ತಪ್ಪಿದ್ದನ್ನು ಹಿಂದೆ ತರುವುದು, ದೊಡ್ಡದು ಮಾಡಿ ನೋಡುವುದು, ಸೇವ್ ಮಾಡುವುದು. ಎಡಗೈ ಏನು ಮಾಡುತ್ತಿದೆಯೆಂದು ಅವಳೇ ಒಮ್ಮೆಯೂ ನೋಡಿದ್ದಿಲ್ಲ.

ನೋಡುವ ಹಾಗಾದದ್ದು ಒಂದು ಜೂನ್ ತಿಂಗಳ ಬೆಳಿಗ್ಗೆ. ತುಂಬಿದ ಬಸ್ಸು, ಬಾಗಿಲ ಮೆಟ್ಟಿಲಲ್ಲಿ ನಿಂತಿದ್ದಳು. ರಸ್ತೆಗೆ ದನವೊಂದು ಅಡ್ಡ ಬಂತು. ಬಸ್ಸು ಒಮ್ಮೆಲೇ ನಿಂತ ರಭಸಕ್ಕೆ ಸೇವಂತಿಯ ಕಾಲು ಮೆಟ್ಟಿಲು ತಪ್ಪಿತು, ಮೈ ಹೊರಗೆ ಹೋಯಿತು. ಎಡಗೈ ಮಾತ್ರ ಕಂಬಿ ಬಿಡಲಿಲ್ಲ. ಇಡೀ ಮೈಯ ಭಾರವನ್ನು ಅದೊಂದೇ ಹಿಡಿದುಕೊಂಡಿತು, ಪಕ್ಕದಲ್ಲಿದ್ದವರು ಎಳೆದು ಒಳಗೆ ಹಾಕುವವರೆಗೆ. ತಲೆಗೆ ಒಂದು ತರಚು ಗಾಯವೂ ಆಗಲಿಲ್ಲ. ಆದರೆ ಭುಜದ ನರಗಳು ಎಳೆದುಹೋಗಿ ಎಡಗೈ ಅಲುಗದ ಹಾಗಾಗಿತ್ತು. ಮಂಗಳೂರಿನ ಡಾಕ್ಟರು, ನರ ಚಿಗುರಿದರೂ ಚಿಗುರಬಹುದು, ಕಾಯಬೇಕು ಅಂದರು. ವ್ಯಾಯಾಮ ಹೇಳಿಕೊಟ್ಟರು. ಊರ ವೈದ್ಯರು ತೈಲ ಕೊಟ್ಟರು.

ಅಂದಿನಿಂದ ಕುಕ್ಕಪ್ಪ ಪ್ರತಿದಿನ ಬೆಳಿಗ್ಗೆ, ರಿಕ್ಷಾ ಒರೆಸುವ ಮೊದಲು, ಹೆಂಡತಿಯನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿ ಆ ಕೈಗೆ ಎಣ್ಣೆ ಹಾಕಿ ತಿಕ್ಕುತ್ತಾನೆ. ಭುಜದಿಂದ ಶುರುವಾಗಿ ಬೆರಳ ತುದಿಯವರೆಗೆ. ಮೊದಲ ಮಳೆಗಾಲದಲ್ಲಿ ಇಬ್ಬರೂ ದಿನಾ ಬೆರಳುಗಳನ್ನೇ ನೋಡುತ್ತಿದ್ದರು, ಯಾವುದಾದರೂ ಅಲುಗಿತೇ ಎಂದು. ಎರಡನೆಯ ಮಳೆಗಾಲದಲ್ಲಿ ಸೇವಂತಿ ಅಂಗಳ ನೋಡತೊಡಗಿದಳು. ಆದರೂ ಅವನು ತಿಕ್ಕುತ್ತಿದ್ದಾನೆ ಎಂಬುದೇ ಅವಳಿಗಿದ್ದ ಧೈರ್ಯ. ಅವನೇ ನಂಬಿದ್ದಾನಲ್ಲ, ಹಾಗಾದರೆ ಬಂದೀತು. ಈಗ ಅವನೇ ಒಂದು ಕೈಯವರ ಮೌಸ್ ತಂದಿಟ್ಟರೆ ಅವಳು ಏನೆಂದು ತಿಳಿದುಕೊಳ್ಳಬೇಕು? ಅದನ್ನು ಇಟ್ಟುಕೊಳ್ಳುವುದೆಂದರೆ ಎಡಗೈಯ ಆಸೆ ಬಿಟ್ಟೆ ಎಂದು ಒಪ್ಪಿಕೊಂಡ ಹಾಗೆ. ಸೇವಂತಿಗೆ ಕಂಡದ್ದು ಹಾಗೆ.

ಸೋಮವಾರ ಅವಳು ಮೌಸನ್ನು ಪ್ರೆಸ್ಸಿಗೆ ಒಯ್ದದ್ದು ಅದರಲ್ಲಿ ಹುಳುಕು ಹುಡುಕಲಿಕ್ಕೆಂದೇ.

ಪ್ರೆಸ್ಸಿನಲ್ಲಿ ಅವಳ ಕುರ್ಚಿಯಲ್ಲಿ ಭಟ್ಟರು ಕೂತಿದ್ದರು. ಅವಳ ಕೈ ಹೋದ ಮೇಲೆ ಅವಳನ್ನು ಕೌಂಟರಿನಲ್ಲಿ ಕೂರಿಸಿದ್ದರು, ಆರ್ಡರ್ ತೆಗೆದುಕೊಳ್ಳಲು, ಪ್ರೂಫ್ ನೋಡಲು. ಕಂಪ್ಯೂಟರಿಗೆ ಬೇರೆಯವರನ್ನು ತರಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡು, ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾರೆ. ಬೆರಳು ಆಕಾಶದಲ್ಲಿ ಅಲೆದು ಅಲೆದು ಒಂದು ಅಕ್ಷರದ ಮೇಲೆ ಬಂದು ಇಳಿಯುವಷ್ಟರಲ್ಲಿ ಗಿರಾಕಿ ಕಾಫಿ ಕುಡಿದು ಬರಬಹುದು. ಹಲವರು ಕಾಫಿ ಕುಡಿಯಲು ಹೋದವರು ಬೇರೆ ಪ್ರೆಸ್ಸಿಗೇ ಹೋಗುತ್ತಿದ್ದರು. ಅದು ಭಟ್ಟರಿಗೆ ಗೊತ್ತು, ಸೇವಂತಿಗೂ ಗೊತ್ತು.

“ಇದೆಂತ ಸೇವಂತಿ, ಇಷ್ಟು ಲೈಟು?” ಅಂದರು ಭಟ್ಟರು.

“ಇವರು ತಂದದ್ದು. ಆಗುದಿಲ್ಲ ಅಂತ ಕಾಣ್ತದೆ. ಒಂದು ವಾರ ನೋಡಿ ವಾಪಸ್ ಕೊಡುದು.”

ಭಟ್ಟರು ಅವಸರದಿಂದ ಕುರ್ಚಿ ಬಿಟ್ಟು ಎದ್ದರು. ಅಷ್ಟು ಅವಸರವಾಗಿ ಅವರು ಊಟಕ್ಕೂ ಎದ್ದದ್ದನ್ನು ಸೇವಂತಿ ನೋಡಿರಲಿಲ್ಲ.

ಹುಳುಕು ಹುಡುಕುವವರಿಗೆ ಹುಳುಕು ಸಿಗದೆ ಇರುತ್ತದೆಯೇ? ಮೊದಲನೆಯದು, ಭಾರ. ಎರಡನೆಯದು, ಹೆಬ್ಬೆರಳಿನಿಂದ ಬದಿಯ ಬಟನ್ ಒತ್ತಿದರೆ ಮೌಸೇ ಆ ಕಡೆಗೆ ಜರುಗುತ್ತದೆ. ಪರದೆಯ ಮೇಲೆ ಗುರುತು ಹಾಕಿದ ಸಾಲು ಕೈತಪ್ಪಿ, ವರನ ತಂದೆಯ ಹೆಸರು ಹೋಗಿ ಊಟದ ಸಮಯದ ಪಕ್ಕ ಕೂರುತ್ತದೆ. ಹಿಂದಿನ ಸಾಲಿನ ಬಟನ್ನುಗಳಿಗೆ ಹೆಬ್ಬೆರಳನ್ನು ಮಡಚಿಯೇ ಹೋಗಬೇಕು. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ನಿದ್ದೆ ಹೋಗುತ್ತದೆ, ಎಬ್ಬಿಸಿದರೆ ಒಂದು ಗಳಿಗೆ ಕಣ್ಣುಜ್ಜುತ್ತ ಕೂರುತ್ತದೆ. ಸೇವಂತಿ ಒಂದೊಂದನ್ನೂ ಗಟ್ಟಿಯಾಗಿಯೇ ಹೇಳಿದಳು, ಭಟ್ಟರು ಕೇಳಲೆಂದು. ಭಟ್ಟರು ಪೇಪರ್ ಓದುತ್ತಿದ್ದರು.

ಆದರೆ ಮೊಳೆ ಜೋಡಿಸಿ ಬಂದ ಕೈ ಸುಮ್ಮನಿರಬೇಕಲ್ಲ. ಮಂಗಳವಾರ ಅವಳಿಗೆ ಹಿಡಿಯುವ ಕ್ರಮ ಸಿಕ್ಕಿತು. ಉಂಗುರದ ಬೆರಳು ಕಿರುಬೆರಳು ಎರಡನ್ನೂ ಆಚೆ ಬದಿಗೆ ಒತ್ತಿ ಹಿಡಿದರೆ ಮೌಸ್ ಜರುಗುವುದಿಲ್ಲ. ಲೈಟೆಲ್ಲ ಆರಿಸಿದರೆ ಚಾರ್ಜು ಬೇಗ ಇಳಿಯುವುದೂ ಇಲ್ಲ. ನಡುವಿನ ಒಂದು ಬಟನ್ನಿನ ಮೇಲೆ ಸಣ್ಣ ಉಬ್ಬು ಇತ್ತು. ಕಣ್ಣು ಹಾಯಿಸದೆ ಹೆಬ್ಬೆರಳು ಅದನ್ನು ಹುಡುಕಿಕೊಂಡು, ಅಲ್ಲಿಂದ ಮೇಲೆ ಕೆಳಗೆ ಹೋಗಲು ಕಲಿಯಿತು, ಹಿಂದೆ ಮೊಳೆಗಳ ಗೂಡಿನಲ್ಲಿ ಬೆರಳು ಕಲಿತ ಹಾಗೆಯೇ. ಅವಳು ಒಂದೊಂದು ಬಟನ್ನಿಗೂ ಕೆಲಸ ಹಚ್ಚಿದಳು. ಕಾಪಿಗೆ ಒಂದು, ಪೇಸ್ಟಿಗೆ ಒಂದು, ತಪ್ಪನ್ನು ಹಿಂದೆ ತರುವುದಕ್ಕೆ ಉಬ್ಬಿನ ಬಟನ್.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಂದು ಗೃಹಪ್ರವೇಶದ ಕಾಗದ ಪೂರ್ತಿ ಮುಗಿಯಿತು. ಕೊನೆಯ ಸಾಲು ಕೂರಿಸಿದಾಗ ಸೇವಂತಿ ತನಗೆ ತಿಳಿಯದೆ ನಕ್ಕುಬಿಟ್ಟಳು. ಭಟ್ಟರು ಪೇಪರ್ ಕೆಳಗಿಳಿಸಿ ನೋಡಿದರು. ಅವಳು ನಗು ನುಂಗಿಕೊಂಡಳು. ಎಡಗೈ ಅಭ್ಯಾಸದಂತೆ ಸೆರಗಿನ ಒಳಗೆ, ಮಡಿಲಲ್ಲಿ ಇತ್ತು. ಜನ ನೋಡಬಾರದೆಂದು ಅವಳು ಅದನ್ನು ಹಾಗೆ ಇಟ್ಟುಕೊಳ್ಳುತ್ತಿದ್ದದ್ದು. ಅದರ ಎದುರು ಕೂತು ಹೀಗೆ ನಗಬಾರದಿತ್ತು ಅನಿಸಿತು ಅವಳಿಗೆ.

ಗುರುವಾರ ಅವಳಿಗೆ ಹುಮ್ಮಸ್ಸು ಹೆಚ್ಚಿತು. ಎಲ್ಲ ಕೆಟ್ಟದ್ದೂ ಹುಮ್ಮಸ್ಸು ಹೆಚ್ಚಾದಾಗಲೇ ಆಗುವುದಲ್ಲವೇ. ಬಟನ್ನಿಗೆ ಒಂದು ಕೆಲಸ ಮಾತ್ರವಲ್ಲ, ಪೂರಾ ಒಂದು ಸಾಲನ್ನೇ ಹೇಳಿಕೊಡಬಹುದೆಂದು ಗೊತ್ತಾಯಿತು. ಒಮ್ಮೆ ಟೈಪು ಮಾಡಿ ತೋರಿಸಿದರೆ ಆಮೇಲೆ ಒತ್ತಿದಾಗಲೆಲ್ಲ ಅದೇ ಸಾಲು ತಾನಾಗಿ ಬರುತ್ತದೆ. ಮೊದಮೊದಲು ವೇಗ ಹೆಚ್ಚಾಗಿ ಒತ್ತಕ್ಷರಗಳನ್ನೆಲ್ಲ ನುಂಗುತ್ತಿತ್ತು. ವೇಗ ತಗ್ಗಿಸಿದ ಮೇಲೆ ಸರಿಯಾಯಿತು. ಮದುವೆ ಕಾಗದದ ಕೊನೆಗೆ ಬರುವ ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬ ಸಾಲಿಗೆ ಒಂದು ಬಟನ್. ಬೊಜ್ಜದ ಕಾಗದದ ‘ಮೃತರ ಆತ್ಮಕ್ಕೆ ಚಿರಶಾಂತಿ ಕೋರುವ’ ಎಂಬುದಕ್ಕೆ ಅದರ ಪಕ್ಕದ ಬಟನ್. ಪಕ್ಕಪಕ್ಕ ಇಡಬಾರದೆಂದು ಅವಳಿಗೆ ಹೊಳೆಯಲಿಲ್ಲ. ಪ್ರೆಸ್ಸಿನವರಿಗೆ ಎರಡೂ ದಿನಾ ಬರುವ ಸಾಲುಗಳೇ.

ಅದೇ ಮಧ್ಯಾಹ್ನ ಇಚಿಲಂಪಾಡಿಯ ಬೆಳ್ಯಪ್ಪ ಗೌಡರ ಹೆಂಡತಿ ಗೋದಾವರಿಯ ಬೊಜ್ಜದ ಕಾಗದ ಮಾಡಿದಳು. ದೊಡ್ಡ ಕುಂಕುಮದ, ನಗುಮುಖದ ಫೋಟೋ. ಹೆಸರು, ಊರು, ತಾರೀಕು ಎಲ್ಲ ಟೈಪು ಮಾಡಿ, ಎರಡೆರಡು ಸಲ ಓದಿದಳು. ಕೊನೆಯ ಸಾಲಿಗೆ ಬಟನ್ ಒತ್ತಿದಳು. ಅದನ್ನು ಓದಲಿಲ್ಲ. ಅದು ತಾನಾಗಿ ಬರುವ ಸಾಲು, ತಪ್ಪೇ ಇಲ್ಲದ್ದು, ಅದನ್ನೇನು ಓದುವುದು? ಪ್ರೂಫನ್ನು ಗೌಡರ ತಮ್ಮನ ವಾಟ್ಸಾಪಿಗೆ ಕಳಿಸಿ ಊಟದ ಬುತ್ತಿ ಬಿಚ್ಚಿದಳು.

ಶುಕ್ರವಾರ ಬೆಳಗಿನ ಬಸ್ಸಿಗೆ ಬೆಳ್ಯಪ್ಪ ಗೌಡರೇ ಬಂದರು. ಉದ್ದ ಕಾಲಿನ ಕೊಡೆ, ಬಿಳಿ ಪಂಚೆ, ಕಿಸೆಯಲ್ಲಿ ತಮ್ಮನ ಮೊಬೈಲು. ದೂರದ ಸಂಬಂಧದಲ್ಲಿ ಸೇವಂತಿಗೆ ಮಾವ ಆಗಬೇಕು. ಬೆಂಚಿನ ಮೇಲೆ ಕೂತು ಮೊಬೈಲನ್ನು ಅವಳ ಎದುರು ಇಟ್ಟರು.

“ತಮ್ಮ ಬಯ್ದು ಬಾ ಅಂತ ಕಳಿಸಿದ್ದು. ನಂಗೆ ಬಯ್ಲಿಕ್ಕೆ ಬರುದಿಲ್ಲ. ನೀನೇ ಓದಿ ನೋಡು.”

ಸೇವಂತಿ ಓದಿದಳು. ಗೋದಾವರಿಯ ನಗುಮುಖದ ಕೆಳಗೆ, ಉತ್ತರಕ್ರಿಯೆಯ ತಾರೀಕಿನ ಕೆಳಗೆ, ದಪ್ಪ ಅಕ್ಷರದಲ್ಲಿ: ತಮ್ಮ ಸುಖಾಗಮನವನ್ನು ಬಯಸುವ ಬೆಳ್ಯಪ್ಪ ಗೌಡ ಮತ್ತು ಮನೆಯವರು.

ಸೀಸದ ಮೊಳೆಯ ಕಾಲದಿಂದ ಇಂದಿನವರೆಗೆ ಇಂಥದ್ದೊಂದು ಅವಳಿಂದ ಆದದ್ದಿಲ್ಲ. ಭಟ್ಟರು ಹಿಂದಿನಿಂದ ಬಗ್ಗಿ ನೋಡಿ, “ಅದು ಆ ಹೊಸ ಮೌಸಿದ್ದು ತಪ್ಪು ಗೌಡ್ರೆ,” ಅಂದರು.

“ಮೌಸಿದ್ದಲ್ಲ ಭಟ್ರೇ,” ಅಂದಳು ಸೇವಂತಿ. “ನಾನು ಓದ್ಲಿಲ್ಲ. ತಪ್ಪಾಯ್ತು ಮಾವ.” ಅವಳ ಕಣ್ಣು ತುಂಬಿಯೇಬಿಟ್ಟಿತು.

ಬೆಳ್ಯಪ್ಪ ಗೌಡರು ಮೊಬೈಲನ್ನು ವಾಪಸು ಎಳೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. ಅವರ ಮುಖದಲ್ಲಿ ನಗುವಿನಂಥದ್ದು ಬಂತು.

“ನಿಂಗೆ ಗೋದಾವರಿ ಗೊತ್ತಿತ್ತಾ? ರಸ್ತೆಯಲ್ಲಿ ಹೋಗುವವರನ್ನೂ ಕರೆದು ಬೆಲ್ಲ ನೀರು ಕೊಡುವವಳು. ಮೀಟರ್ ನೋಡ್ಲಿಕ್ಕೆ ಬಂದವ ಊಟ ಮಾಡದೆ ಹೋದ್ರೆ ಇವಳಿಗೆ ಬೇಜಾರು. ಸುಖಾಗಮನ ಬಯಸುದು ಅಂದ್ರೆ ಅವಳೇ. ನೀನು ನನ್ನ ಹೆಸರಿಗೆ ಹಾಕಿದ್ದು ತಪ್ಪು, ಅವಳ ಹೆಸರಿಗೆ ಹಾಕ್ಬೇಕಿತ್ತು.” ಮೊಬೈಲನ್ನು ಮತ್ತೆ ಅವಳ ಕಡೆ ದೂಡಿ, “ಆದ್ರೆ ತಮ್ಮ ಒಪ್ಪುದಿಲ್ಲ ಮಾರಾಯ್ತಿ. ತೆಗ್ದುಬಿಡು,” ಅಂದರು.

ಸೇವಂತಿ ತೆಗೆದಳು. ಹಳೆಯ ಮೌಸಿನಲ್ಲಿ, ಒಂದೊಂದೇ ಅಕ್ಷರ ಕುಟ್ಟಿ, ಹೊಸ ಸಾಲು ಹಾಕಿದಳು. ಗೌಡರು ಕಾದು ಕೂತರು. ಅವರಿಗೆ ಅವಸರವಿರಲಿಲ್ಲ. ಅವಳೂ ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು:

“ಬೊಜ್ಜದವರೆಗೆ ಮನೆ ತುಂಬ ಜನ ಇರ್ತಾರೆ ಮಾವ. ಆಮೇಲೆ ನಿಮಗೆ ಕಷ್ಟ ಅಲ್ವಾ?”

“ಆಮೇಲೆ ಎಂತ? ಅವತ್ತು ಅವಳನ್ನು ಹಿರಿಯರೊಟ್ಟಿಗೆ ಸೇರಿಸುದಲ್ವಾ. ಸೇರಿಸಿದ ಮೇಲೆ ಅವಳೂ ಮನೆಯವಳೇ. ಅಡುಗೆ ಮಾಡುದಿಲ್ಲ, ಮಾತಾಡುದಿಲ್ಲ ಅಷ್ಟೆ. ಹಬ್ಬಕ್ಕೆ ಹಿರಿಯರಿಗೆ ಬಡಿಸುವಾಗ ಅವಳಿಗೂ ಎಲೆ ಹಾಕುದು. ಕೆಲಸ ಮಾಡುದಿಲ್ಲ ಅಂತ ಎಲೆ ಹಾಕದೆ ಇರ್ಲಿಕ್ಕೆ ಆಗ್ತದಾ?”

ಅಷ್ಟು ಹೇಳಿ ಗೌಡರು ಅವಳನ್ನು ಒಮ್ಮೆ ದಿಟ್ಟಿಸಿದರು. ಈ ಎರಡು ವರ್ಷದಲ್ಲಿ ಕೌಂಟರಿಗೆ ಬಂದವರೆಲ್ಲ ಅವಳ ಸೆರಗಿನ ಕಡೆ ಕಣ್ಣು ಹಾಯಿಸಿ, ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಗೌಡರು ಕ್ಯಾಲೆಂಡರ್ ನೋಡಲಿಲ್ಲ.

“ಆ ಕೈಯನ್ನು ಯಾಕೆ ಸೆರಗಿನ ಒಳಗೆ ಇಟ್ಟಿದ್ದಿ? ಈ ಸೆಕೆಗೆ ಬೆವರುದಿಲ್ವಾ ಅದು?”

ಬೆವರುತ್ತಿತ್ತು, ನಿಜ. ಅದನ್ನು ಯಾರೂ ಕೇಳಿರಲಿಲ್ಲ. ಗೌಡರು ತಿದ್ದಿದ ಪ್ರೂಫ್ ಹಿಡಿದು, ಕೊಡೆ ಊರಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಪ್ರಿಂಟು ನಾಳೆ ಎಂದು ಭಟ್ಟರು ಹಿಂದಿನಿಂದ ಕೂಗಿ ಹೇಳಿದರು.

ಆ ಸಂಜೆ ಅವಳು ಮೌಸನ್ನು ಅದರ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದಳು. ಪ್ಲಾಸ್ಟಿಕ್ಕು, ಚಾರ್ಜಿನ ವಯರು, ಎಲ್ಲ ಇದ್ದ ಹಾಗೆಯೇ. ಕುಕ್ಕಪ್ಪ ನೋಡಿದ. “ಆಗುದಿಲ್ವಾ?” ಅಂದ. “ನಾಳೆ ಕೊಟ್ಟು ಬನ್ನಿ,” ಅಂದಳು. ಅವನು ತಲೆಯಾಡಿಸಿದ. ಗಂಜಿ ಉಣ್ಣುವಾಗ ಉಪ್ಪಿನಕಾಯಿ ಭರಣಿಯ ಮುಚ್ಚಳ ಇಬ್ಬರೂ ಸೇರಿ ತೆಗೆದರು. ಅವಳಿಗೆ ಕಾಗದದ ತಪ್ಪಿಗಿಂತ ಹೆಚ್ಚಾಗಿ ಇನ್ನೇನೋ ಕೊರೆಯುತ್ತಿತ್ತು. ಮೌಸ್ ಚೆನ್ನಾಗಿತ್ತು, ಅದೇ ತೊಂದರೆ. ಹುಳುಕು ಹುಡುಕಲು ಹೋದವಳಿಗೆ ವಾಪಸು ಕೊಡಲು ಸರಿಯಾದ ಒಂದು ಕಾರಣವೂ ಉಳಿದಿರಲಿಲ್ಲ, ಆ ಕೈಯ ಆಸೆಯೊಂದರ ಹೊರತು.

ಶನಿವಾರ ಬೆಳಿಗ್ಗೆ ಎಂದಿನಂತೆ ಕುಕ್ಕಪ್ಪ ಎಣ್ಣೆಯ ಕುಪ್ಪಿ ಹಿಡಿದು ಬಂದ. ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಳು. ಬಿಸಿ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಅವನು ಭುಜದಿಂದ ಶುರು ಮಾಡಿದ. ಅಂಗಳ ನೋಡುತ್ತಿದ್ದವಳು ತಿರುಗಿ ಅವನನ್ನು ನೋಡಿದಳು. ಅವನು ಬೆರಳುಗಳನ್ನು ನೋಡುತ್ತಿರಲಿಲ್ಲ. ಅಲುಗುತ್ತದೆಯೇ ಎಂದು ಕಾಯುವವನ ಮುಖ ಅದಲ್ಲ. ಯಾವಾಗಿನಿಂದ ಹೀಗೆ ಎಂದು ಅವಳು ಯೋಚಿಸಿದಳು. ಬಹಳ ದಿನಗಳಿಂದ ಹೀಗೆಯೇ ಇದ್ದಿರಬೇಕು, ಅವಳು ನೋಡಿರಲಿಲ್ಲ ಅಷ್ಟೆ.

“ಒಂದು ಕೇಳ್ಲಾ?” ಅಂದಳು. “ಆ ಮೌಸ್ ಇಟ್ಟುಕೊಂಡ್ರೆ ಇದನ್ನು ನಿಲ್ಲಿಸ್ತೀರಾ?”

“ಯಾವುದನ್ನು?”

“ಎಣ್ಣೆ.”

ಅವನು ತಿಕ್ಕುವುದನ್ನು ನಿಲ್ಲಿಸದೆ, “ಯಾಕೆ ನಿಲ್ಲಿಸುದು?” ಅಂದ.

“ಕೈ ಬರುದಿಲ್ಲ ಅಂತ ಗೊತ್ತಾದ ಮೇಲೆ ಎಣ್ಣೆ ಎಂತಕ್ಕೆ?”

ಕುಕ್ಕಪ್ಪ ಮೊಣಕೈಯವರೆಗೆ ಬಂದಿದ್ದ. ಅಲ್ಲಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಅಂಗೈಗೆ ಇಳಿದ. ಒಂದೊಂದೇ ಬೆರಳು ಹಿಡಿದು ನೀವಿದ. ಇವನು ಇವತ್ತೂ ಬಚ್ಚಲಿಗೆ ಎದ್ದು ಹೋಗುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಮಾತು ಬಂತು.

“ಮೊದಲು ಬರ್ಲಿ ಅಂತಲೇ ಹಾಕ್ತಿದ್ದೆ. ಈಗ ಹಾಗೆಂತ ಇಲ್ಲ. ಬಂದ್ರೆ ಬರ್ಲಿ. ನಿನ್ನ ಕೈ ಅಲ್ವಾ, ಅದಕ್ಕೆ ಹಾಕುದು.” ಹೆಬ್ಬೆರಳನ್ನು ಕೊನೆಗೆ ಇಟ್ಟುಕೊಂಡಿದ್ದ. ಅದನ್ನು ನೀವುತ್ತ ಹೇಳಿದ, “ಮೌಸ್ ತಂದದ್ದು ಈ ಕೈಗಲ್ಲ ಮಾರಾಯ್ತಿ. ಆ ಕೈಗೆ. ಎರಡು ವರ್ಷದಿಂದ ಅದೊಂದೇ ದುಡಿಯುದು ನೋಡ್ಲಿಕ್ಕೆ ಆಗುದಿಲ್ಲ ನಂಗೆ.”

ಸೇವಂತಿ ಅತ್ತಳು. ಬಸ್ಸಿನಿಂದ ಜೋತುಬಿದ್ದ ದಿನ ಅತ್ತಿರಲಿಲ್ಲ, ಡಾಕ್ಟರು ಕಾಯಿರಿ ಅಂದ ದಿನವೂ ಇಷ್ಟು ಅತ್ತಿರಲಿಲ್ಲ. ಕುಕ್ಕಪ್ಪ ತನ್ನ ಹೆಗಲ ಬೈರಾಸಿನಿಂದ ಅವಳ ಕೈಯ ಎಣ್ಣೆ ಒರೆಸಿದ, ಆಮೇಲೆ ಅದೇ ಬೈರಾಸಿನಿಂದ ಮುಖವನ್ನೂ ಒರೆಸಿದ. ಎಣ್ಣೆಯೆಲ್ಲ ಮುಖಕ್ಕಾಯಿತು ಎಂದು ಅವಳು ಅಳುವಿನ ನಡುವೆಯೇ ಬಯ್ದಳು.

ಕಬಕಕ್ಕೆ ಹೋಗಬೇಕಾದ ರಿಕ್ಷಾ ಪ್ರೆಸ್ಸಿನ ಎದುರು ನಿಂತಿತು. ಸೇವಂತಿ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ಭಟ್ಟರು ಅವಳ ಕುರ್ಚಿಯಲ್ಲಿ ಕೂತು ಬೆರಳನ್ನು ಆಕಾಶದಲ್ಲಿ ಅಲೆಸುತ್ತಿದ್ದವರು, ಅವಳ ಮುಖ ನೋಡಿ ಎದ್ದರು.

ಅವಳು ಮೌಸನ್ನು ತೆಗೆದು ಇಟ್ಟಳು. ಮೊದಲು ಆ ಎರಡು ಸಾಲುಗಳನ್ನು ಬೇರೆ ಬೇರೆ ಮೂಲೆಯ ಬಟನ್ನುಗಳಿಗೆ ಹಾಕಿದಳು, ಮದುವೆಯದ್ದು ಮುಂದಿನ ಮೂಲೆ, ಬೊಜ್ಜದ್ದು ಹಿಂದಿನ ಮೂಲೆ. ಹಿಂದಿನದಕ್ಕೆ ಹೆಬ್ಬೆರಳನ್ನು ಮಡಚಿಯೇ ಹೋಗಬೇಕಲ್ಲ, ಅಷ್ಟರಲ್ಲಿ ನೆನಪಾಗುತ್ತದೆ. ಆಮೇಲೆ ಗೋದಾವರಿಯ ಕಾಗದವನ್ನು ತೆರೆದು, ಒಂದು ಪ್ರತಿ ತೆಗೆದು, ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ಬಿಡದೆ ಓದಲು ಮೇಜಿನ ಮೇಲೆ ಹರಡಿದಳು.

ಕುಕ್ಕಪ್ಪ ಖಾಲಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಇದನ್ನು ಎಂತ ಮಾಡುದು? ಅಲಿ ಕುಂಞಿಗೆ ಫೋನ್ ಮಾಡ್ಲಾ?”

“ಮಾಡಿ. ವಾಪಸ್ ಇಲ್ಲ ಅಂತ ಹೇಳಿ. ಆ ಪೆಟ್ಟಿಗೆ ಇಲ್ಲಿ ಕೊಡಿ.”

ಅವಳು ಪೆಟ್ಟಿಗೆಯನ್ನು ಕೀಬೋರ್ಡಿನ ಎಡಗಡೆ ಮಲಗಿಸಿ ಇಟ್ಟಳು. “ಬೈರಾಸೂ ಕೊಡಿ,” ಅಂದಳು. ಎಣ್ಣೆ ವಾಸನೆಯ ಬೈರಾಸನ್ನು ಮಡಚಿ ಪೆಟ್ಟಿಗೆಯ ಮೇಲೆ ಹಾಸಿದಳು. ಬಲಗೈಯಿಂದ ಸೆರಗು ಸರಿಸಿ, ಎಡಗೈಯನ್ನು ಮೆಲ್ಲನೆ ಎತ್ತಿ, ಮೊಣಕೈಯನ್ನು ಬೈರಾಸಿನ ಮೇಲೆ ಇಟ್ಟು, ಅಂಗೈಯನ್ನು ಗೋದಾವರಿಯ ಕಾಗದದ ಅಂಚಿನ ಮೇಲೆ ಕೂರಿಸಿದಳು.

ಭಟ್ಟರು ಸೆಕೆಯೆಂದು ಫ್ಯಾನ್ ಜೋರು ಮಾಡಿದರು. ಕೌಂಟರಿನ ಮೇಲಿದ್ದ ಚೀಟಿಗಳೆಲ್ಲ ಹಾರಿ ಬಾಗಿಲವರೆಗೆ ಹೋದವು. ಸೇವಂತಿಯ ಮುಂದಿದ್ದ ಕಾಗದ ಹಾರಲಿಲ್ಲ.